ಐರಿಶ್ ಮನೆತನದ ಹೆಸರು ಹಿಡಿದು ಹಳೇ ದಾಖಲೆ, ಹಳೇ ಪೇಪರ್ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಲ್ಯಾವೆಲ್ ರೋಡ್ ಗೊತ್ತಲ್ವಾ? ಆ ಹೆಸರು ಬಂದಿದ್ದು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಶ್ ಸೈನಿಕನಿಂದ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಕೆಲಸ ಮಾಡಿ, ಆಮೇಲೆ ಬೆಂಗಳೂರು ದಂಡಿನಲ್ಲಿ ನೆಲೆಸಿ, 1870ರ ದಶಕದಲ್ಲಿ ಕೋಲಾರದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ ಅನುಮತಿ ಗಿಟ್ಟಿಸಿದ ಆಸಾಮಿ. ಕೆಜಿಎಫ್ ಕಥೆ ಶುರುವಾಗುವುದೇ ಅಲ್ಲಿಂದ. ಕೆಳಗಿನ ಉತ್ತರಗಳಲ್ಲಿ ಉದಾಹರಣೆಗೆ ಇದೇ ಲ್ಯಾವೆಲ್ ಹೆಸರನ್ನು ಇಟ್ಟುಕೊಂಡಿದ್ದೇನೆ. ತೀರಾ ಅಪರೂಪವೂ ಅಲ್ಲ, ಮರ್ಫಿ, ಕೆಲ್ಲಿ ಥರ ಬೀದಿಗೊಂದು ಸಿಗುವ ಹೆಸರೂ ಅಲ್ಲ, ಕಲಿಯೋದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಲ್ಯಾವೆಲ್ ಅಂದರೆ ಫ್ರೆಂಚ್ ಹೆಸರಲ್ವಾ?

ಇಂಗ್ಲಿಷಿನಲ್ಲಿ Lavelle ಅಂತ ಬರೆದಿದ್ದು ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಇದು ಅಪ್ಪಟ ಐರಿಶ್ ಹೆಸರು. ಐರಿಶ್ ಭಾಷೆಯಲ್ಲಿ ಓ ಮ್ವೀಲ್ ಆವಿಲ್ ಎಂಬಂತೆ ಕೇಳಿಸುತ್ತದೆ. ಇಂಗ್ಲಿಷ್ ಮಾತ್ರ ಬರುವ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಗೀಚಿಕೊಂಡರು. ಪಶ್ಚಿಮದ ಮೇಯೊ ಕೌಂಟಿಯಲ್ಲಿ, ಅದರಲ್ಲೂ ಆಕಿಲ್ ದ್ವೀಪದ ಸುತ್ತಮುತ್ತ, ಅದು ಲ್ಯಾವೆಲ್ ಆಯಿತು. ಉತ್ತರದ ಕಡೆ ಅದೇ ಹೆಸರು ಮಕ್‌ಫಾಲ್ ಆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಂಬಂಧ ಇದೆ ಅಂತ ಯಾರೂ ಹೇಳಲ್ಲ.

ಇದಕ್ಕಿಂತ ತಲೆಕೆಡಿಸುವ ಹೆಸರುಗಳಿವೆ. ಕ್ಯಾವನ್ ಕೌಂಟಿಯ ಎಷ್ಟೋ ಸ್ಮಿತ್‌ಗಳು ಮೂಲದಲ್ಲಿ ಮಕ್‌ಗವನ್‌ಗಳು. ಗಾಲ್ವೇ ಕಡೆಯ ಕಿಂಗ್, ಸ್ಲೈಗೊ ಕಡೆಯ ಜಡ್ಜ್ ಮನೆತನಗಳದ್ದೂ ಇದೇ ಕಥೆ, ಹೆಸರು ಇಂಗ್ಲಿಷು, ಜನ ಐರಿಶರು. ಒಬ್ಬನೇ ಮನುಷ್ಯ ಚರ್ಚಿನ ಪುಸ್ತಕದಲ್ಲಿ ಒಂದು ಹೆಸರಲ್ಲಿ ಹುಟ್ಟಿ, ಮದುವೆಯಲ್ಲಿ ಇನ್ನೊಂದು ಹೆಸರು ಕೊಟ್ಟು, ಅಮೆರಿಕದಲ್ಲಿ ಮೂರನೇ ಹೆಸರಲ್ಲಿ ತೀರಿಕೊಂಡಿರಬಹುದು. ಅದಕ್ಕೆ ಹುಡುಕೋ ಮುಂಚೆ ನಿಮ್ಮ ಹೆಸರಿನ ಎಲ್ಲ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ.

ಓ'ಸಲ್ಲಿವನ್ ಬೇರೆ, ಸಲ್ಲಿವನ್ ಬೇರೆನಾ?

ಬಹುಪಾಲು ಒಂದೇ. ಬ್ರಿಟಿಷ್ ಆಡಳಿತದಲ್ಲಿ ಎಷ್ಟೋ ಮನೆತನಗಳು ಮುಂದಿನ ಓ, ಮ್ಯಾಕ್ ಬಿಟ್ಟವು. 1893ರಲ್ಲಿ ಐರಿಶ್ ಭಾಷೆ ಉಳಿಸಲು ಗೇಲಿಕ್ ಲೀಗ್ ಎಂಬ ಸಂಘ ಶುರುವಾದ ಕಾಲಕ್ಕೆ ಐರಿಶ್‌ತನದ ಅಭಿಮಾನ ಏರಿ, ತುಂಬ ಜನ ವಾಪಸ್ ಸೇರಿಸಿಕೊಂಡರು. ಅಪ್ಪ ಸಲ್ಲಿವನ್, ಮಗ ಓ'ಸಲ್ಲಿವನ್ ಆಗಿದ್ದರೆ ಗಾಬರಿ ಬೇಡ. ಎರಡೂ ಥರ ಹುಡುಕಿ, ಅಷ್ಟೇ.

ಹೆಸರು ಗೊತ್ತಿದೆ. ಎಲ್ಲಿಂದ ಶುರು ಮಾಡಲಿ?

ಐರ್ಲೆಂಡಿನಿಂದ ಮಾತ್ರ ಶುರು ಮಾಡಬೇಡಿ! ಎಲ್ಲರೂ ಮಾಡೋದು ಅದನ್ನೇ. ಸೀದಾ ಐರಿಶ್ ವೆಬ್‌ಸೈಟಿಗೆ ಹೋಗಿ ಪ್ಯಾಟ್ರಿಕ್ ಲ್ಯಾವೆಲ್ ಅಂತ ಟೈಪ್ ಮಾಡುತ್ತಾರೆ, ರಾಶಿ ರಾಶಿ ಪ್ಯಾಟ್ರಿಕ್‌ಗಳು ಬಂದು ಬೀಳುತ್ತಾರೆ, ಅದರಲ್ಲಿ ವಯಸ್ಸು ಸುಮಾರಾಗಿ ಹೊಂದುವ ಒಬ್ಬನನ್ನು ಆರಿಸಿಕೊಂಡು ಇವನೇ ನಮ್ಮ ಮುತ್ತಜ್ಜ ಅಂತ ವಂಶವೃಕ್ಷಕ್ಕೆ ಏರಿಸಿಬಿಡುತ್ತಾರೆ. ಆಮೇಲೆ ಆ ಮರವನ್ನು ಇನ್ನಷ್ಟು ಜನ ಕಾಪಿ ಮಾಡುತ್ತಾರೆ.

ನಿಮಗೆ ಬೇಕಿರುವುದು ಊರು. ಅಲ್ಲಿ ಅದಕ್ಕೆ ಟೌನ್‌ಲ್ಯಾಂಡ್ ಅಂತಾರೆ. ಹೆಸರಲ್ಲಿ ಟೌನ್ ಇದ್ದರೂ ಪಟ್ಟಣ ಅಲ್ಲ, ನಾಲ್ಕು ಮನೆ ಮತ್ತು ಒಂದಿಷ್ಟು ಹೊಲ ಇರುವ ಜಾಗವೂ ಟೌನ್‌ಲ್ಯಾಂಡೇ. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಹೆಚ್ಚು. ಹಲವು ಟೌನ್‌ಲ್ಯಾಂಡ್ ಸೇರಿ ಪ್ಯಾರಿಷ್, ಅದರ ಮೇಲೆ ಬ್ಯಾರನಿ, ಅದರ ಮೇಲೆ ಕೌಂಟಿ. ಟೌನ್‌ಲ್ಯಾಂಡ್ ಸಿಕ್ಕಿದರೆ ಮಿಕ್ಕಿದ್ದೆಲ್ಲ ಸುಲಭ. ಸಿಗದಿದ್ದರೆ ಹೆಸರು ಎಷ್ಟೇ ಅಪರೂಪದ್ದಾಗಿದ್ದರೂ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಆ ಊರಿನ ಹೆಸರು ಸಿಗುವುದು ವಲಸೆ ಹೋದ ದೇಶದಲ್ಲಿ. ಅಮೆರಿಕದ ಜನಗಣತಿ ಸಾಮಾನ್ಯವಾಗಿ ಐರ್ಲೆಂಡ್ ಅಂತಷ್ಟೇ ಹೇಳುತ್ತದೆ, ಅದರಿಂದ ಉಪಯೋಗ ಕಡಿಮೆ. ಸಮಾಧಿ ಕಲ್ಲು, ಚರ್ಚಿನ ಮದುವೆ ಪುಸ್ತಕ, ಆಸ್ಟ್ರೇಲಿಯಾದ ಮರಣ ಪ್ರಮಾಣಪತ್ರ, ಪೇಪರಿನ ನಿಧನ ವಾರ್ತೆ, ನ್ಯೂಯಾರ್ಕಿನ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಹಳೇ ಖಾತೆ ಪುಸ್ತಕ, ಇವುಗಳಲ್ಲಿ ಊರು ಬರೆದಿರುವ ಸಾಧ್ಯತೆ ಜಾಸ್ತಿ. ಬ್ಯಾಂಕಿನವರು ಖಾತೆದಾರರ ಗುರುತಿಗೆ ಅಂತ ಹುಟ್ಟಿದ ಊರು, ಬಂದ ಹಡಗು, ಅಪ್ಪ ಅಮ್ಮ, ಅಣ್ಣತಮ್ಮಂದಿರು ಎಲ್ಲ ಕೇಳಿ ಬರೆದುಕೊಳ್ಳುತ್ತಿದ್ದರು. ನಿಮ್ಮ ನೇರ ಅಜ್ಜನ ಕಾಗದ ಸಿಗದಿದ್ದರೆ ಅವರ ತಮ್ಮ, ತಂಗಿ, ಪಕ್ಕದ ಮನೆಯವರ ಕಾಗದ ನೋಡಿ. ಒಂದೂರಿನವರು ಹೋಗಿ ಒಂದೇ ಕಡೆ ಸೇರಿಕೊಳ್ಳುತ್ತಿದ್ದರು. ಆಕಿಲ್‌ನವರು ಅಮೆರಿಕದಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್‌ಗೆ ಹೋದ ಹಾಗೆ.

1922ರಲ್ಲಿ ಎಲ್ಲ ಸುಟ್ಟುಹೋಯಿತಂತೆ, ಇನ್ನೇನು ಹುಡುಕೋದು?

1922ರ ಜೂನ್ 30ರಂದು, ಐರಿಶ್ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಬಂಡುಕೋರರು ಹಿಡಿದುಕೊಂಡಿದ್ದ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಹೋಯಿತು. ಅದು ನಿಜ. ಆದರೆ ಜನಗಣತಿ ಪೂರ್ತಿ ಹೋಗಿದ್ದು ಆ ಬೆಂಕಿಯಿಂದ ಮಾತ್ರ ಅಲ್ಲ. ಬೆಂಕಿಯಲ್ಲಿ ಹೋಗಿದ್ದು ಮುಖ್ಯವಾಗಿ 1821ರಿಂದ 1851ರವರೆಗಿನವು. 1861, 1871ರದ್ದನ್ನು ಸರ್ಕಾರವೇ ಲೆಕ್ಕ ತೆಗೆದುಕೊಂಡ ಮೇಲೆ ನಾಶ ಮಾಡಿಸಿತ್ತು. 1881, 1891ರದ್ದನ್ನು ಮೊದಲ ಮಹಾಯುದ್ಧದ ಕಾಗದದ ಬರದಲ್ಲಿ ತಿರುಳು ಮಾಡಿಬಿಟ್ಟರು. ಅಂದರೆ ಬಂಡುಕೋರರಿಗಿಂತ ಗುಮಾಸ್ತರೇ ಜಾಸ್ತಿ ಹಾಳು ಮಾಡಿದ್ದಾರೆ ಅಂದರೂ ತಪ್ಪಾಗಲ್ಲ.

ಉಳಿದಿದ್ದೂ ಕಡಿಮೆ ಏನಿಲ್ಲ. 1901, 1911ರ ಜನಗಣತಿ ಪೂರ್ತಿ ಇದೆ, ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಪುಕ್ಕಟೆ ನೋಡಬಹುದು. ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ, ಆಯಾ ಊರಿನ ಪಾದ್ರಿಗಳ ಹತ್ತಿರ ಇದ್ದವು. ಹುಟ್ಟು ಸಾವಿನ ಸರ್ಕಾರಿ ನೋಂದಣಿಯೂ ಬೇರೆ ಕಡೆ ಇತ್ತು. ಆಸ್ತಿ ಪತ್ರಗಳ ರಿಜಿಸ್ಟ್ರಿ 1708ರಿಂದ ಇದೆ, ಅದೂ ಬೇರೆ ಕಟ್ಟಡ. ಆಂಗ್ಲಿಕನ್ ಚರ್ಚ್ ಆಫ್ ಐರ್ಲೆಂಡ್‌ನವರಿಗೆ ಮಾತ್ರ ದೊಡ್ಡ ಪೆಟ್ಟು ಬಿತ್ತು, ಅವರ ಪುಸ್ತಕಗಳಲ್ಲಿ ಅರ್ಧದಷ್ಟು ಅಲ್ಲೇ ಹೋದವು. ಬೇರೆ ಬೇರೆ ಕಡೆ ಉಳಿದ ನಕಲುಗಳನ್ನು ಕೂಡಿಸಿ ಸುಟ್ಟುಹೋದ ಕಚೇರಿಯನ್ನು ಮತ್ತೆ ಕಟ್ಟುವ ವರ್ಚುವಲ್ ರೆಕಾರ್ಡ್ ಟ್ರೆಷರಿ 2022ರಲ್ಲಿ ಶುರುವಾಗಿದೆ. ದುಡ್ಡು ಕೊಡಬೇಕಾಗಿಲ್ಲ.

ಜನಗಣತಿ ಇಲ್ಲದ 1800ರ ದಶಕಗಳಿಗೆ ಏನು ಗತಿ?

ತೆರಿಗೆ. ಜನರ ಲೆಕ್ಕ ಹೋದರೂ ವಸೂಲಿಯ ಲೆಕ್ಕ ಉಳಿಯಿತು. ಮೊದಲನೆಯದು 1823ರಿಂದ 1837ರ ನಡುವೆ ತಯಾರಾದ ಟೈತ್ ಪುಸ್ತಕಗಳು. ಚರ್ಚ್ ಆಫ್ ಐರ್ಲೆಂಡ್‌ಗೆ ರೈತರು ಕೊಡಬೇಕಿದ್ದ ಪಾಲಿನ ಲೆಕ್ಕ ಅದು, ಕ್ಯಾಥೊಲಿಕರೂ ಕೊಡಬೇಕಿತ್ತು, ಅದರ ಸಿಟ್ಟು ಬೇರೆ ಕಥೆ.

ಎರಡನೆಯದು ಗ್ರಿಫಿತ್ ವ್ಯಾಲ್ಯುಯೇಷನ್, ಅಂದರೆ ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಪಟ್ಟಿ. 1847ರಿಂದ 1864ರವರೆಗೆ ಕೌಂಟಿಯಿಂದ ಕೌಂಟಿಗೆ ಪ್ರಕಟವಾಯಿತು. ಟೌನ್‌ಲ್ಯಾಂಡ್ ಹೆಸರು, ಹಿಡುವಳಿದಾರ ಯಾರು, ಜಮೀನ್ದಾರ ಯಾರು, ಮನೆ ಇದೆಯಾ, ಕೊಟ್ಟಿಗೆ ಇದೆಯಾ, ಎಷ್ಟು ಎಕರೆ, ಎಷ್ಟು ಬೆಲೆ, ಎಲ್ಲ ಒಂದೇ ಸಾಲಿನಲ್ಲಿ. ಪಕ್ಕದಲ್ಲಿರುವ ನಂಬರು ಹಿಡಿದು ನಕ್ಷೆ ನೋಡಿದರೆ ಆ ಹೊಲ ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಇದರಲ್ಲಿ ಒಂದು ಕೊರತೆ: ಮನೆ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಡತಿ, ಮಕ್ಕಳು, ಆಳುಗಳು ಯಾರೂ ಇಲ್ಲ. ಇನ್ನೊಂದು ಸಂಕಟ ಕಾಲದ್ದು. 1845ರಿಂದ 1852ರ ಮಹಾ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು. ಮೇಯೊಗೆ ಬಿದ್ದ ಹೊಡೆತ ಭಯಂಕರ. ಅಲ್ಲಿ ಗ್ರಿಫಿತ್ ಪಟ್ಟಿ ಆಗಿದ್ದು ಕ್ಷಾಮ ಮುಗಿದ ಮೇಲೆ. ಹಾಗಾಗಿ ಟೈತ್ ಪುಸ್ತಕದಲ್ಲಿದ್ದ ಮನೆತನ ಗ್ರಿಫಿತ್‌ನಲ್ಲಿ ಕಾಣಿಸದಿದ್ದರೆ ಯಾಕೆ ಅಂತ ನೀವೇ ಊಹಿಸಿಕೊಳ್ಳಬಹುದು.

ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಗುಮಾಸ್ತರು ಪಕ್ಕದಲ್ಲಿ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಬರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಕೆಂಪು ರಾಮಣ್ಣ, ಹೊಲದ ಮನೆ ರಾಮಣ್ಣ ಅನ್ನೋ ಹಾಗೇ. ಟಿಪ್ಪರೇರಿಯಲ್ಲಿ ರಯನ್‌ಗಳು ಎಷ್ಟು ಜಾಸ್ತಿ ಅಂದರೆ ಈ ಅಡ್ಡಹೆಸರು ಇಲ್ಲದೆ ಕೆಲಸವೇ ನಡೆಯಲ್ಲ. ಬ್ರಾಕೆಟ್ಟಿನಲ್ಲಿ ಏನಾದರೂ ಕಂಡರೆ ಬಿಡದೆ ಬರೆದುಕೊಳ್ಳಿ.

ಗ್ರಿಫಿತ್ ಪಟ್ಟಿಯ ಮುಂದಿನ ತಿದ್ದುಪಡಿ ಪುಸ್ತಕಗಳು ಇನ್ನೂ ಚೆನ್ನ. ಹಿಡುವಳಿದಾರ ಬದಲಾದಾಗ ಹಳೇ ಹೆಸರು ಹೊಡೆದು ಹೊಸದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯುತ್ತಿದ್ದರು. ಪ್ಯಾಟ್ರಿಕ್ ಹೋಗಿ ಬ್ರಿಜೆಟ್ ಬಂದಳು ಅಂದರೆ ಗಂಡ ಸತ್ತಿರಬೇಕು, ಬ್ರಿಜೆಟ್ ಹೋಗಿ ಜಾನ್ ಬಂದ ಅಂದರೆ ಮಗ ಜಮೀನು ಹಿಡಿದ. ಮರಣ ದಾಖಲೆ ಹುಡುಕೋಕೆ ಒಂದು ವರ್ಷ ಸಿಕ್ಕಿಬಿಡುತ್ತದೆ.

ಹುಟ್ಟು, ಮದುವೆ, ಸಾವು ಯಾವಾಗಿನಿಂದ ಸಿಗುತ್ತದೆ?

ಸರ್ಕಾರಿ ನೋಂದಣಿ ಎಲ್ಲರಿಗೂ 1864ರ ಜನವರಿ 1ರಿಂದ. ಕ್ಯಾಥೊಲಿಕರಲ್ಲದವರ ಮದುವೆ ಮಾತ್ರ 1845ರಿಂದಲೇ. ಐರಿಶ್ ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ಪುಟದ ಚಿತ್ರ ಸಮೇತ ಪುಕ್ಕಟೆ ಇದೆ. ಹುಟ್ಟಿಗೆ 100 ವರ್ಷ, ಮದುವೆಗೆ 75, ಸಾವಿಗೆ 50 ವರ್ಷ ಕಳೆದಿರಬೇಕು.

ಅದಕ್ಕಿಂತ ಹಿಂದಿನದಕ್ಕೆ ಕ್ಯಾಥೊಲಿಕ್ ಚರ್ಚಿನ ಪುಸ್ತಕ. ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ 2015ರಲ್ಲಿ ಸುಮಾರು 1880ರವರೆಗಿನ ಪುಟಗಳನ್ನು ಪುಕ್ಕಟೆ ಬಿಟ್ಟಿತು. ಓದೋದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಶಾಯಿ ಹರಡಿರುತ್ತದೆ, ಎಷ್ಟೋ ಕಡೆ ಲ್ಯಾಟಿನ್ ಬೇರೆ. ಜೇಮ್ಸ್ ಇದ್ದವನು ಯಾಕೋಬಸ್, ವಿಲಿಯಂ ಇದ್ದವನು ಗುಲಿಯೆಲ್ಮಸ್. ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ಪುಸ್ತಕ ಶುರುವಾಗುವುದೇ ಎಷ್ಟೋ ತಡವಾಗಿ, ಕೆಲವು ಕಡೆ ಕ್ಷಾಮವೆಲ್ಲ ಮುಗಿದ ಮೇಲೆ. ದೀಕ್ಷಾಸ್ನಾನದ ಸಾಲಿನಲ್ಲಿ ಮಗುವಿಗೆ ನಿಂತ ಸಾಕ್ಷಿಗಳ ಹೆಸರೂ ಇರುತ್ತದೆ, ಅದನ್ನು ಬಿಡಬೇಡಿ. ಅವರು ಸಾಮಾನ್ಯವಾಗಿ ಚಿಕ್ಕಮ್ಮ, ಸೋದರಮಾವ, ಇಲ್ಲಾ ಪಕ್ಕದ ಹೊಲದವರು.

1901ರಲ್ಲಿ 55 ವರ್ಷದ ಅಜ್ಜಿಗೆ 1911ರಲ್ಲಿ 71 ಹೇಗಾಯಿತು? ಬೇರೆ ಯಾರೋ ಇರಬೇಕಲ್ವಾ?

ಅವರೇ ಇರುವ ಸಾಧ್ಯತೆ ಜಾಸ್ತಿ. 1909ರ ಜನವರಿಯಿಂದ 70 ದಾಟಿದವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ವೃದ್ಧಾಪ್ಯ ಪಿಂಚಣಿ ಶುರುವಾಯಿತು. ಅಷ್ಟು ಹಳಬರಿಗೆ ಜನನ ಪ್ರಮಾಣಪತ್ರ ಇರಲಿಲ್ಲ, ನೋಂದಣಿ ಶುರುವಾಗಿದ್ದೇ 1864ರಲ್ಲಿ ಅಲ್ವಾ? ಹಾಗಾಗಿ ಊರಿಗೂರೇ ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದಿಯಾಯಿತು. ಅವರನ್ನು ಬೈಯೋಕೆ ನನಗಂತೂ ಮನಸ್ಸಿಲ್ಲ.

ಇದರಿಂದ ನಮಗೊಂದು ಲಾಭ ಆಗಿದೆ. ವಯಸ್ಸಿನ ಸಾಕ್ಷಿಗೆ ಅಧಿಕಾರಿಗಳು 1841, 1851ರ ಜನಗಣತಿಯಲ್ಲಿ ಹುಡುಕಿಸುತ್ತಿದ್ದರು. ಹುಡುಕಿದ್ದರ ಫಾರಂಗಳು ಉಳಿದಿವೆ. ಅವುಗಳಲ್ಲಿ ಅರ್ಜಿದಾರರ ಅಪ್ಪ ಅಮ್ಮನ ಹೆಸರು, ಆಗ ಇದ್ದ ಟೌನ್‌ಲ್ಯಾಂಡ್, ಕೆಲವೊಮ್ಮೆ ಮನೆಯವರೆಲ್ಲರ ಪಟ್ಟಿ. ಮೂಲ ಸುಟ್ಟುಹೋಯಿತು, ಚೀಟಿ ಉಳಿಯಿತು. ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಹುಡುಕಬಹುದು.

ಹಳೇ ಪೇಪರ್‌ಗಳಲ್ಲಿ ಬಡ ರೈತನ ಹೆಸರು ಬರುತ್ತಿತ್ತಾ?

ಮದುವೆ, ಮರಣದ ಜಾಹೀರಾತು ಬಹಳ ಕಾಲ ಉಳ್ಳವರ ಸ್ವತ್ತು. ಬಡವರು ಪೇಪರಿಗೆ ಬರುತ್ತಿದ್ದದ್ದು ಹಿಂಬಾಗಿಲಿಂದ: ಕೋರ್ಟು, ಅಪಘಾತ, ಶವ ತನಿಖೆ, ಒಕ್ಕಲೆಬ್ಬಿಸುವುದು. ಪೆಟ್ಟಿ ಸೆಷನ್ಸ್ ಎಂಬ ಸಣ್ಣ ಕೋರ್ಟಿನ ಪುಸ್ತಕಗಳೂ ಉಳಿದಿವೆ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದ್ದು, ಹಸು ಪಕ್ಕದವರ ಹೊಲಕ್ಕೆ ನುಗ್ಗಿದ್ದು, ಲೈಸೆನ್ಸ್ ಇಲ್ಲದೆ ನಾಯಿ ಸಾಕಿದ್ದು. ಅಲ್ಲಿ ತಾರೀಕು ಹಿಡಿದು, ಆ ವಾರದ ಊರ ಪೇಪರ್ ತೆಗೆದರೆ ಎರಡು ಸಾಲಿನ ಕೇಸು ಪೇಪರಿನಲ್ಲಿ ಅರ್ಧ ಕಾಲಂ ಆಗಿರುತ್ತದೆ, ಯಾರು ಏನಂದರು ಅನ್ನೋದು ಸಮೇತ.

ಮೇಯೊ ಆದರೆ ಕ್ಯಾಸಲ್‌ಬಾರ್‌ನ ಕನಾಟ್ ಟೆಲಿಗ್ರಾಫ್, ಬ್ಯಾಲಿನಾದ ವೆಸ್ಟರ್ನ್ ಪೀಪಲ್, ವೆಸ್ಟ್‌ಪೋರ್ಟ್‌ನ ಮೇಯೊ ನ್ಯೂಸ್ ನೋಡಿ. 1894ರ ಜೂನ್ 14ರಂದು ಸ್ಕಾಟ್‌ಲೆಂಡಿಗೆ ಕೂಲಿಗೆ ಹೊರಟ ಆಕಿಲ್ ಹುಡುಗ ಹುಡುಗಿಯರ ದೋಣಿ ಕ್ಲೂ ಕೊಲ್ಲಿಯಲ್ಲಿ ಮಗುಚಿ 32 ಜನ ಮುಳುಗಿದರು. ಇಂಥ ಸುದ್ದಿ ಊರ ಪೇಪರಿನಲ್ಲಷ್ಟೇ ಅಲ್ಲ, ಡಬ್ಲಿನ್ನಿನ ಫ್ರೀಮನ್ಸ್ ಜರ್ನಲ್‌ನಂಥ ದೊಡ್ಡ ಪೇಪರಿನಲ್ಲೂ ಹುಡುಕಬೇಕು.

ನನಗೆ ಬಲು ಇಷ್ಟ ಆಗೋದು ಕಡಲಾಚೆಯ ಪೇಪರ್‌ಗಳು. ಬಾಸ್ಟನ್ನಿನ ಪೈಲಟ್ ಪೇಪರಿನಲ್ಲಿ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಬರುತ್ತಿತ್ತು. ಇಂಥ ಪ್ಯಾರಿಷ್‌ನ ಇಂಥವನು, ಇಂಥ ವರ್ಷ ಇಂಥ ಹಡಗಿನಲ್ಲಿ ಬಂದ, ಕೊನೆಗೆ ಸುದ್ದಿ ಬಂದಾಗ ರೈಲು ಹಳಿ ಕೆಲಸದಲ್ಲಿದ್ದ, ತಂಗಿ ಹುಡುಕುತ್ತಿದ್ದಾಳೆ, ಹೀಗೆ. ಬಾಸ್ಟನ್ ಕಾಲೇಜ್ ಇದನ್ನೆಲ್ಲ ಸೇರಿಸಿ ಹುಡುಕೋ ಹಾಗೆ ಮಾಡಿದೆ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಅಮೆರಿಕದ ಕ್ರಾನಿಕ್ಲಿಂಗ್ ಅಮೆರಿಕ, ಹಳೇ ಪೇಪರ್‌ಗಳ ಈ ಮೂರೂ ತಾಣಗಳು ಪುಕ್ಕಟೆ. ಡನೀಡಿನ್ನಿನ ನ್ಯೂಜಿಲೆಂಡ್ ಟ್ಯಾಬ್ಲೆಟ್‌ನಂಥ ಕ್ಯಾಥೊಲಿಕ್ ಪೇಪರ್‌ಗಳು ಐರ್ಲೆಂಡಿನ ಸುದ್ದಿಯನ್ನು ಕೌಂಟಿವಾರು ಹಾಕುತ್ತಿದ್ದವು. ಹಾಗಾಗಿ ಮೇಯೊ ಸುದ್ದಿಗೆ ನ್ಯೂಜಿಲೆಂಡಿನಲ್ಲಿ ಹುಡುಕೋದು ಹುಚ್ಚಲ್ಲ. ಮರಣ ವಾರ್ತೆಯ ಕೊನೆಗೆ ಅಮೆರಿಕದ ಪೇಪರ್‌ಗಳು ದಯವಿಟ್ಟು ನಕಲು ಮಾಡಿಕೊಳ್ಳಿ ಅಂತ ಇದ್ದರೆ ಹಿಗ್ಗಿ. ಮಕ್ಕಳು ಎಲ್ಲಿಗೆ ಹೋಗಿದ್ದಾರೆ ಅಂತ ಮನೆಯವರೇ ಹೇಳಿಬಿಟ್ಟ ಹಾಗಾಯಿತು.

ಹೆಸರು ಟೈಪ್ ಮಾಡಿದರೆ ಒಂದೋ ಏನೂ ಬರಲ್ಲ, ಇಲ್ಲಾ ಸಾವಿರ ಬರುತ್ತೆ. ಏನು ಮಾಡೋದು?

ಏನೂ ಬರದಿದ್ದರೆ ತಪ್ಪು ಯಂತ್ರದ್ದು. ಹಳೇ ಪುಟವನ್ನು ಕಂಪ್ಯೂಟರ್ ಓದಿ ಅಕ್ಷರ ಮಾಡಿರುತ್ತದೆ. ಮಸುಕಾದ ಅಚ್ಚಿನಲ್ಲಿ ಲ್ಯಾವೆಲ್‌ನ ಎರಡು ಎಲ್ ಅಂಟಿಕೊಂಡು ಯು ಥರ ಕಾಣುತ್ತವೆ, ಇ ಹೋಗಿ ಸಿ ಆಗುತ್ತದೆ. ನೀವೂ ಬೇಕಂತಲೇ ತಪ್ಪಾಗಿ ಟೈಪ್ ಮಾಡಿ ನೋಡಿ. ಅಕ್ಷರದ ಬದಲು ಪ್ರಶ್ನಾರ್ಥಕ, ನಕ್ಷತ್ರ ಚಿಹ್ನೆ ಹಾಕೋಕೆ ಬಿಡುವ ತಾಣವಾದರೆ ಇನ್ನೂ ಒಳ್ಳೆಯದು. ಅದೂ ಆಗದಿದ್ದರೆ ಮನೆತನದ ಹೆಸರೇ ಬಿಟ್ಟು ಟೌನ್‌ಲ್ಯಾಂಡ್ ಹೆಸರು ಹಾಕಿ. ಈ ಒಂದು ಉಪಾಯ ಮಿಕ್ಕೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಸಾವಿರ ಬಂದರೆ ಯಾರೋ ಒಬ್ಬ ಪ್ರಸಿದ್ಧರು ಅಡ್ಡ ನಿಂತಿರುತ್ತಾರೆ. 1860ರ ಆಸುಪಾಸಿನಲ್ಲಿ ಲ್ಯಾವೆಲ್ ಅಂತ ಹುಡುಕಿದರೆ ಮೇಯೊದ ಪಾರ್ಟ್ರಿಯ ಪಾದ್ರಿ ಪ್ಯಾಟ್ರಿಕ್ ಲ್ಯಾವೆಲ್ ಒಬ್ಬರೇ ತುಂಬಿಕೊಂಡಿರುತ್ತಾರೆ. ರೈತರನ್ನು ಒಕ್ಕಲೆಬ್ಬಿಸಿದ ಪ್ರಾಟೆಸ್ಟೆಂಟ್ ಬಿಷಪ್ ಪ್ಲಂಕೆಟ್ ಜೊತೆ ಅವರು ನಡೆಸಿದ ಜಗಳ ಲಂಡನ್ ಪೇಪರ್‌ಗಳವರೆಗೂ ಹೋಗಿತ್ತು. ಆಗ ಫಾದರ್, ರೆವರೆಂಡ್, ಪಾರ್ಟ್ರಿ ಪದಗಳಿರುವ ಪುಟ ಬೇಡ ಅಂತ ಹೊರಗಿಡಿ. ಆದರೆ ಒಂದು ಸಲ ಅವುಗಳನ್ನೂ ತಿರುವಿ ಹಾಕಿ, ಯಾಕಂದರೆ ಒಕ್ಕಲೆದ್ದ ಮನೆಗಳ ಹೆಸರು ಅಂಥ ವರದಿಗಳಲ್ಲೇ ಸಿಗೋದು.

ಪೇಪರಲ್ಲಿ ಬಂದಿದ್ದನ್ನು ನಂಬಬಹುದಾ?

ಅರ್ಧ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವಳು ಕಾರ್ಕ್‌ನ ಆ್ಯನಿ ಮೂರ್. ಇಬ್ಬರು ತಮ್ಮಂದಿರ ಜೊತೆ ನೆವಾಡಾ ಹಡಗಿನಲ್ಲಿ ಬಂದಿದ್ದಳು. ಅವಳಿಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಪೇಪರ್‌ಗಳು 15 ವರ್ಷದ ಹುಡುಗಿ, ಅಂದೇ ಹುಟ್ಟುಹಬ್ಬ ಅಂತ ಬರೆದವು. ನಿಜಕ್ಕೂ ಅವಳಿಗೆ 17. ಇನ್ನೂ ದೊಡ್ಡ ಎಡವಟ್ಟು ಆಮೇಲಿನದು. ಎಷ್ಟೋ ವರ್ಷ ಟೆಕ್ಸಸ್‌ನಲ್ಲಿ ತೀರಿಹೋದ ಒಬ್ಬ ಆ್ಯನಿಯೇ ಇವಳು ಅಂತ ಎಲ್ಲರೂ ನಂಬಿದ್ದರು. ಆ ಟೆಕ್ಸಸ್ ಹೆಂಗಸು ಹುಟ್ಟಿದ್ದು ಇಲಿನಾಯ್‌ನಲ್ಲಿ, ಐರ್ಲೆಂಡಿನಲ್ಲಿ ಅಲ್ಲವೇ ಅಲ್ಲ! ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ ಅಂತ 2006ರಲ್ಲಿ ವಂಶಾವಳಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ದಾಖಲೆ ಸಮೇತ ತೋರಿಸಿದರು. ಹೆಸರು, ವಯಸ್ಸು ಹೊಂದಿತು ಅಂತ ಒಪ್ಪಿಕೊಂಡರೆ ಹೀಗೇ ಆಗೋದು.

ಹಾಗೇ, ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರು ಬದಲಾಯಿಸಿದರು ಅನ್ನೋದು ಬರೀ ಕಟ್ಟುಕಥೆ. ಹೊರಟ ಕಡೆ ಹಡಗಿನವರು ಮಾಡಿಕೊಟ್ಟ ಪಟ್ಟಿಯನ್ನೇ ಇವರು ತಾಳೆ ನೋಡುತ್ತಿದ್ದರು.

ನಮ್ಮ ಕುಟುಂಬ ಬೆಂಗಳೂರು ದಂಡಿನ ಐರಿಶ್ ಸೈನಿಕನಿಂದ ಬಂದಿದ್ದು. ನಾವೆಲ್ಲಿ ಹುಡುಕಬೇಕು?

ಮೊದಲು ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರೋ, ಬ್ರಿಟಿಷ್ ಸೈನ್ಯದ ರೆಜಿಮೆಂಟಿನಲ್ಲೋ ನೋಡಿ. ಕಂಪನಿಯ ಕಾಗದ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಸೈನ್ಯದ ಕಾಗದ ಲಂಡನ್ನಿನದೇ ಕ್ಯೂ ಎಂಬ ಜಾಗದಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಕ್ಯೂನ ಪಿಂಚಣಿ ಕಾಗದದಲ್ಲಿ ಹುಟ್ಟಿದ ಪ್ಯಾರಿಷ್ ಇರುತ್ತದೆ, ಅದೇ ನಮಗೆ ಬೇಕಾದ್ದು. ಆದರೆ 1883ಕ್ಕಿಂತ ಮುಂಚೆ ಬಿಡುಗಡೆಯಾದವರಲ್ಲಿ ಪಿಂಚಣಿ ಪಡೆದವರದ್ದು ಮಾತ್ರ ಉಳಿದಿದೆ. ಬೆಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕಕ್ಕೆ ಬರುತ್ತಿದ್ದರಿಂದ ಇಲ್ಲಿನ ದೀಕ್ಷಾಸ್ನಾನ, ಮದುವೆ, ಸಮಾಧಿ ನಕಲುಗಳು ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಸಾಲಿನಲ್ಲಿವೆ. ಕ್ಯಾಥೊಲಿಕರಾದರೆ ಚರ್ಚಿನ ಮೂಲ ಪುಸ್ತಕವನ್ನೇ ಕೇಳಿ ನೋಡಬೇಕು, ಐರಿಶ್ ಸೈನಿಕರು ಹೋಗುತ್ತಿದ್ದ ಸೇಂಟ್ ಪ್ಯಾಟ್ರಿಕ್ಸ್ ಥರದ್ದು. ಮುಂಚೆ ಪತ್ರ ಬರೆದು ಹೋಗಿ, ಸುಮ್ನೆ ಬಾಗಿಲಲ್ಲಿ ನಿಂತರೆ ಆಗಲ್ಲ.

ಮೈಕೆಲ್ ಲ್ಯಾವೆಲ್‌ಗೂ ದಾರಿ ಇದೇ: ನ್ಯೂಜಿಲೆಂಡಿನ ಪೇಪರ್‌ಗಳು, ಸೈನ್ಯದ ಕಾಗದ, ಮೈಸೂರು ಸರ್ಕಾರದ ಜೊತೆಗಿನ ಪತ್ರಗಳು. ಹೆಸರು ಮೇಯೊದ್ದು ಅಂದ ಮಾತ್ರಕ್ಕೆ ಆತನನ್ನು ಆಕಿಲ್‌ಗೆ ಕಟ್ಟಿಹಾಕಬೇಡಿ.

ಡಿಎನ್‌ಎ ಟೆಸ್ಟ್ ಮಾಡಿಸಿದರೆ ಇದೆಲ್ಲ ತಪ್ಪುತ್ತದಾ?

ತಪ್ಪಲ್ಲ. ಅಪ್ಪನಿಂದ ಮಗನಿಗೆ ಬರುವ ಸಾಲನ್ನು ನೋಡುವ ವೈ ಕ್ರೋಮೋಸೋಮ್ ಟೆಸ್ಟ್ ಒಂದೇ ಹೆಸರಿನ ಎರಡು ಮನೆಗಳು ಒಂದೇ ಬೇರಿನವೋ ಅಲ್ಲವೋ ಅಂತ ಹೇಳಬಹುದು. ಯಾವ ಟೌನ್‌ಲ್ಯಾಂಡ್ ಅಂತ ಹೇಳಲ್ಲ.

ದುಡ್ಡು ಎಷ್ಟು ಬೇಕು?

ಪುಕ್ಕಟೆ ಇರುವುದೆಲ್ಲ ಮುಗಿಯೋವರೆಗೆ ಒಂದು ರೂಪಾಯಿಯೂ ಬೇಡ. ಜನಗಣತಿ, ನೋಂದಣಿ, ಚರ್ಚ್ ಪುಸ್ತಕ, ಟೈತ್, ಗ್ರಿಫಿತ್, ಕಡಲಾಚೆಯ ಪೇಪರ್ ಎಲ್ಲ ಪುಕ್ಕಟೆಯವೇ. ಉತ್ತರ ಐರ್ಲೆಂಡಿನ ನೋಂದಣಿ ಚಿತ್ರಕ್ಕೆ ಮಾತ್ರ ಪುಟಕ್ಕಿಷ್ಟು ಅಂತ ಕೊಡಬೇಕು. ಐರ್ಲೆಂಡಿನ ಪೇಪರ್‌ಗಳು ಬಹುಪಾಲು ಚಂದಾ ತಾಣಗಳಲ್ಲಿವೆ: ಐರಿಶ್ ನ್ಯೂಸ್‌ಪೇಪರ್ ಆರ್ಕೈವ್ಸ್ ಮತ್ತು ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್. ಚಂದಾ ಕಟ್ಟುವ ಮುಂಚೆ ನಿಮ್ಮ ಕೌಂಟಿಯ ಪೇಪರ್ ಯಾವುದರಲ್ಲಿದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದೆ ಅಂತ ಪಟ್ಟಿ ನೋಡಿ, ಅದಕ್ಕೆ ದುಡ್ಡಿಲ್ಲ. ಬ್ರಿಟಿಷ್ ತಾಣದಲ್ಲಿ ಹುಡುಕೋದೂ ಪುಕ್ಕಟೆ, ಪುಟ ತೆರೆಯೋಕೆ ಮಾತ್ರ ದುಡ್ಡು. ಬೇಕಾದ ತಾರೀಕುಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಒಂದೇ ಒಂದು ತಿಂಗಳ ಚಂದಾ ಕಟ್ಟಿ, ಆ ತಿಂಗಳು ಕೂತು ಎಲ್ಲವನ್ನೂ ಇಳಿಸಿಕೊಳ್ಳಿ. ತಾನಾಗಿಯೇ ಮುಂದುವರಿಯುವ ಚಂದಾ ಆಗಿದ್ದರೆ ಕಟ್ಟಿದ ದಿನವೇ ಅದನ್ನು ಆಫ್ ಮಾಡಿಬಿಡಿ.